ಏಳು ವರ್ಷ ಹಿಡಿದ ವಿದ್ಯಾರ್ಥಿ ಸಿನಿಮಾ: ‘ಎ ಗ್ರ್ಯಾಂಡ್ ಡೇ ಔಟ್’ ಮುಗಿದ ಬಗೆ

1982ರಲ್ಲಿ ನಿಕ್ ಪಾರ್ಕ್ ತಮ್ಮ ಕೋರ್ಸಿನ ಕೊನೆಯ ಸಿನಿಮಾ ಶುರು ಮಾಡಿದರು, ಜೇಡಿ ಬೊಂಬೆಗಳ ಅನಿಮೇಷನ್ ಸಿನಿಮಾ. ಆಗ ಅವರಿಗೆ 23 ವರ್ಷ. ಓದುತ್ತಿದ್ದದ್ದು ಇಂಗ್ಲೆಂಡಿನ ಬೀಕನ್ಸ್‌ಫೀಲ್ಡ್‌ನಲ್ಲಿರುವ ನ್ಯಾಷನಲ್ ಫಿಲ್ಮ್ ಅಂಡ್ ಟೆಲಿವಿಷನ್ ಸ್ಕೂಲ್‌ನಲ್ಲಿ. ಕಥೆ ಸರಳ. ರಜೆಯ ದಿನ ಮನೆಯಲ್ಲಿ ಚೀಸ್ ಖಾಲಿಯಾಗಿದೆ. ಚಂದ್ರ ಪೂರ್ತಿ ಚೀಸಿನದೇ ಅಂತ ಎಲ್ಲರೂ ಹೇಳ್ತಾರಲ್ಲ, ಅಲ್ಲಿಗೇ ಹೋಗಿ ತರೋಣ ಅಂತ ಒಬ್ಬ ಮನುಷ್ಯ ಮತ್ತು ಅವನ ನಾಯಿ ಸೇರಿ ರಾಕೆಟ್ ಕಟ್ಟುತ್ತಾರೆ. ಆ ಸಿನಿಮಾ ಜನರ ಮುಂದೆ ಬಂದದ್ದು 1989ರ ನವೆಂಬರ್ 4ರಂದು, ಬ್ರಿಸ್ಟಲ್ ನಗರದ ಆರ್ನೊಲ್ಫಿನಿ ಗ್ಯಾಲರಿಯಲ್ಲಿ ನಡೆದ ಅನಿಮೇಷನ್ ಉತ್ಸವದಲ್ಲಿ. ಒಟ್ಟು ಉದ್ದ 23 ನಿಮಿಷ. ನಡುವೆ ಕಳೆದದ್ದು ಏಳು ವರ್ಷ.

ಆ ಮನುಷ್ಯ ವಾಲೇಸ್, ಆ ನಾಯಿ ಗ್ರೊಮಿಟ್. ಮುಂದೆ ಇವರ ಇನ್ನೊಂದು ಸಿನಿಮಾದಲ್ಲಿ ಬಂದುಹೋದ ಕುರಿಯೇ ನಮ್ಮ ಮನೆಗಳ ಮಕ್ಕಳು ನೋಡುವ ‘ಶಾನ್ ದ ಶೀಪ್’. ಅಷ್ಟೆಲ್ಲ ಬೆಳೆದದ್ದು ಒಬ್ಬ ವಿದ್ಯಾರ್ಥಿ ಹೊತ್ತಿಗೆ ಸರಿಯಾಗಿ ಮುಗಿಸಲಾಗದ ಒಂದು ಸಿನಿಮಾದಿಂದ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ತಾಳ್ಮೆಯನ್ನು ಹೊಗಳುತ್ತಾರೆ. ಒಬ್ಬನೇ ಕೂತ, ಏಳು ವರ್ಷ ಬಿಡಲಿಲ್ಲ, ಗೆದ್ದ ಅಂತ. ನನಗೆ ಆ ಓದು ಸರಿ ಅನ್ನಿಸುವುದಿಲ್ಲ. ತಾಳ್ಮೆ ಇತ್ತು, ನಿಜ. ಆದರೆ ಬರೀ ತಾಳ್ಮೆಯನ್ನೇ ನೆಚ್ಚಿಕೊಂಡಿದ್ದರೆ ಈ ಸಿನಿಮಾ ಇನ್ನೂ ಹತ್ತು ವರ್ಷ ಎಳೆಯುತ್ತಿತ್ತು. ಇದನ್ನು ದಡ ಮುಟ್ಟಿಸಿದ್ದು ಕಥೆಗೆ ಹಾಕಿದ ಒಂದು ದೊಡ್ಡ ಕತ್ತರಿ, ಮತ್ತು ಒಂದು ಸ್ಟುಡಿಯೋ ಮಾಡಿಕೊಟ್ಟ ಏರ್ಪಾಡು. ಆ ಕತ್ತರಿ ಸಿನಿಮಾವನ್ನು ಮುಗಿಸಿತು ಅನ್ನುವುದಕ್ಕಿಂತ, ಅದನ್ನು ಒಳ್ಳೆಯ ಸಿನಿಮಾ ಮಾಡಿತು ಅನ್ನುವುದು ನನ್ನ ವಾದ. ಅನಿಮೇಷನ್ ಕಲಿಯುವವರು, ಕಲಿಸುವವರು ಇಬ್ಬರೂ ಈ ಪ್ರಕರಣವನ್ನು ಬಿಡಿಸಿ ನೋಡಬೇಕು.

ಹುಡುಗನ ಹಿಂದಿನ ಕಥೆ

ಪಾರ್ಕ್ ಹುಟ್ಟಿದ್ದು 1958ರಲ್ಲಿ, ಲ್ಯಾಂಕಶೈರ್‌ನ ಪ್ರೆಸ್ಟನ್‌ನಲ್ಲಿ. ಅಪ್ಪ ಫೋಟೋಗ್ರಾಫರ್, ಅಮ್ಮ ಬಟ್ಟೆ ಹೊಲಿಯುತ್ತಿದ್ದರು. ಅಪ್ಪನಿಗೆ ಶೆಡ್ಡಿನಲ್ಲಿ ಏನಾದರೂ ಕಟ್ಟುವ ಹುಚ್ಚು. ಒಮ್ಮೆ ಇಡೀ ಸಂಸಾರ ಪ್ರವಾಸ ಹೋಗಲು ಅವರೇ ಒಂದು ಕ್ಯಾರವಾನ್ ಕಟ್ಟಿದ್ದರು. ಚಕ್ರದ ಮೇಲೆ ಒಂದು ಪೆಟ್ಟಿಗೆ, ಒಳಗೆ ಮನೆಯ ಹಾಗೆ ಕುರ್ಚಿ ಮೇಜು, ಗೋಡೆಗೆ ವಾಲ್‌ಪೇಪರ್. ಸಿನಿಮಾದ ರಾಕೆಟ್ಟಿನ ಒಳಭಾಗ ನೋಡಿ. ಅದೇ ವಾಲ್‌ಪೇಪರ್, ಅದೇ ಆರಾಮ ಕುರ್ಚಿ. ಚಂದ್ರನಿಗೆ ಹೋಗುವ ವಾಹನ ಒಂದು ಸಾಧಾರಣ ಮನೆಯ ಹಾಲಿನ ಹಾಗೆ ಕಾಣುತ್ತದೆ. ಅದರಲ್ಲಿ ಹ್ಯಾಂಡ್‌ಬ್ರೇಕ್ ಕೂಡ ಇದೆ. ಅದನ್ನು ಬಿಡಿಸದೆ ರಾಕೆಟ್ ಮೇಲೇಳುವುದಿಲ್ಲ. ಬಿಡಿಸುವುದು ನಾಯಿ.

13ನೇ ವಯಸ್ಸಿಗೇ ಮನೆಯಲ್ಲಿದ್ದ ಅಮ್ಮನ ಕ್ಯಾಮೆರಾ ಹಿಡಿದು ಅಟ್ಟದ ಮೇಲೆ ಅನಿಮೇಷನ್ ಮಾಡುತ್ತಿದ್ದ ಹುಡುಗ ಅವರು. 1975ರಲ್ಲಿ ಅವರ ಒಂದು ಪುಟ್ಟ ಸಿನಿಮಾ ಬಿಬಿಸಿಯಲ್ಲಿ ಬಂತು. ಆಮೇಲೆ ಶೆಫೀಲ್ಡ್‌ನಲ್ಲಿ ಪದವಿ, 1980ರಲ್ಲಿ ಬೀಕನ್ಸ್‌ಫೀಲ್ಡ್. ವಾಲೇಸ್ ಮತ್ತು ಗ್ರೊಮಿಟ್‌ರ ಮೊದಲ ಗೆರೆಗಳು ಕಾಲೇಜು ದಿನಗಳ ಸ್ಕೆಚ್ ಪುಸ್ತಕದಲ್ಲೇ ಇದ್ದವು. ಆಗ ಗ್ರೊಮಿಟ್ ಬೆಕ್ಕು. ಜೇಡಿಯಲ್ಲಿ ಮಾಡಲು ಹೊರಟಾಗ ನಾಯಿಯ ದಪ್ಪ ಮೈ, ದಪ್ಪ ಕಾಲು ಸುಲಭ ಅನ್ನಿಸಿ ಅದು ನಾಯಿಯಾಯಿತು. ಕೈಗೆ ಸಿಕ್ಕ ವಸ್ತು ಏನು ಹೇಳುತ್ತದೋ ಅದನ್ನು ಕೇಳುವ ಗುಣ ಅವರಲ್ಲಿ ಅಲ್ಲಿಂದಲೇ ಕಾಣುತ್ತದೆ. ಮುಂದೆ ಸಿನಿಮಾವನ್ನು ಉಳಿಸಿದ್ದೂ ಇದೇ ಗುಣ.

ಲೆಕ್ಕ ತಪ್ಪಿದ್ದು ಎಲ್ಲಿ

ಮೊದಲ ಯೋಜನೆ 40 ನಿಮಿಷದ ಸಿನಿಮಾ. ಚಂದ್ರನ ಮೇಲೆ ಇಡೀ ಒಂದು ಲೋಕ ಇರಬೇಕಿತ್ತು. ಅನ್ಯಗ್ರಹ ಜೀವಿಗಳು, ಫಾಸ್ಟ್‌ಫುಡ್ ಹೋಟೆಲ್, ದೊಡ್ಡ ಬಾಹ್ಯಾಕಾಶ ಸಿನಿಮಾಗಳ ಅಣಕ. ವಾಲೇಸ್ ಜೈಲಿಗೆ ಬೀಳಬೇಕು, ಗ್ರೊಮಿಟ್ ಅವನನ್ನು ಬಿಡಿಸಬೇಕು. ಕಾಗದದ ಮೇಲೆ ಇದೆಲ್ಲ ಎಷ್ಟು ಚೆನ್ನಾಗಿರುತ್ತದೆ ಅಲ್ವಾ? ‘ಅಲ್ಲಿ ನೂರು ಜೀವಿಗಳು ಕುಳಿತಿದ್ದವು’ ಅಂತ ಬರೆಯಲು ಅರ್ಧ ನಿಮಿಷ ಸಾಕು.

ಈಗ ಲೆಕ್ಕ ನೋಡಿ. ಫಿಲ್ಮ್ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಬೊಂಬೆ ಅಲುಗಿಸಿ ಒಂದೊಂದೇ ಚಿತ್ರ ತೆಗೆಯುವ ಸ್ಟಾಪ್ ಮೋಷನ್‌ನಲ್ಲಿ ಸಾಮಾನ್ಯವಾಗಿ ಒಂದು ಭಂಗಿಯನ್ನು ಎರಡೆರಡು ಫ್ರೇಮ್ ಹಿಡಿಯುತ್ತಾರೆ. ಅಂದರೆ ಪರದೆಯ ಮೇಲಿನ ಒಂದು ಸೆಕೆಂಡಿಗೆ 12 ಸಲ ಬೊಂಬೆಯನ್ನು ಒಂದಿಷ್ಟೇ ಅಲುಗಿಸಿ, ಕೈ ತೆಗೆದು, ಕ್ಯಾಮೆರಾ ಒತ್ತಬೇಕು. 40 ನಿಮಿಷಕ್ಕೆ 28,800 ಭಂಗಿ. ಒಂದು ಶಾಟ್‌ನಲ್ಲಿ ಇಬ್ಬರಿದ್ದರೆ ಪ್ರತಿ ಸಲವೂ ಇಬ್ಬರನ್ನೂ ಮುಟ್ಟಬೇಕು. ಹತ್ತು ಜನ ಇದ್ದರೆ ಹತ್ತು ಜನರನ್ನೂ. ನಡುವೆ ಯಾರ ಮೊಣಕೈಯಾದರೂ ಸೆಟ್ಟಿಗೆ ತಗುಲಿತೋ, ಆ ಶಾಟ್ ಮೊದಲಿನಿಂದ.

ಇದರ ಮೇಲೆ ಆ ಕಾಲದ ಇನ್ನೊಂದು ಕಷ್ಟ. ಈಗಿನ ಹಾಗೆ ತೆಗೆದದ್ದನ್ನು ಅಲ್ಲೇ ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಅನುಕೂಲ ಇರಲಿಲ್ಲ. ಫಿಲ್ಮ್ ಲ್ಯಾಬಿಗೆ ಹೋಗಿ ತೊಳೆದು ಬರುವವರೆಗೆ ನಡಿಗೆ ಸರಿಯಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ತಪ್ಪು ಗೊತ್ತಾಗುವ ಹೊತ್ತಿಗೆ ಬೊಂಬೆ, ದೀಪ, ಸೆಟ್ಟು ಎಲ್ಲವೂ ಬೇರೆ ಜಾಗದಲ್ಲಿರುತ್ತವೆ.

ಹಾಗಂತ ಪಾರ್ಕ್ ಯೋಚಿಸದೆ ಧುಮುಕಿದವರು ಅಂತ ನಾನು ಹೇಳುವುದಿಲ್ಲ. ಹತ್ತು ವರ್ಷದಿಂದ ಅನಿಮೇಷನ್ ಮಾಡುತ್ತಲೇ ಬಂದವರು. ಆದರೂ ತಪ್ಪಿತು. ಯಾಕೆಂದರೆ ಹುಡುಗನಾಗಿ ಎರಡು ಮೂರು ನಿಮಿಷದ ಸಿನಿಮಾ ಮಾಡಿದ ಅನುಭವದಿಂದ 40 ನಿಮಿಷದ ಶ್ರಮ ಎಷ್ಟು ಅಂತ ಊಹಿಸಲು ಬರುವುದಿಲ್ಲ. ಉದ್ದ ಹೆಚ್ಚಾದಂತೆ ಕಥೆಗೆ ತಿರುವು ಬೇಕು, ತಿರುವಿಗೆ ಹೊಸ ಜಾಗ ಬೇಕು, ಹೊಸ ಜಾಗಕ್ಕೆ ಹೊಸ ಬೊಂಬೆ ಬೇಕು. ಕೆಲಸ ಏರುವುದು ನಿಮಿಷದ ಲೆಕ್ಕಕ್ಕಿಂತ ಬಹಳ ವೇಗವಾಗಿ.

ಜೇಡಿ, ಧ್ವನಿ, ಹುಬ್ಬು

ಸಿನಿಮಾಕ್ಕೆ ಪ್ಲಾಸ್ಟಿಸಿನ್ ಬೇಕು ಅಂತ ಪಾರ್ಕ್ ಅದನ್ನು ತಯಾರಿಸುತ್ತಿದ್ದ ಹಾರ್ಬಟ್ ಕಂಪನಿಗೆ ಪತ್ರ ಬರೆದರು. ಕೇಳಿದ್ದು ಒಂದು ಟನ್! ಪ್ಲಾಸ್ಟಿಸಿನ್ ಅಂದರೆ ಎಣ್ಣೆ ಬೆರೆತ, ಒಣಗದ ಬಣ್ಣದ ಜೇಡಿ. ಚಪಾತಿ ಹಿಟ್ಟಿನ ಹಾಗೆ ನಾದಿ ಮೆತ್ತಗೆ ಮಾಡಿಕೊಳ್ಳಬೇಕು. ಹತ್ತು ಬಣ್ಣದಲ್ಲಿ ಬಂತು. ಅದರಲ್ಲಿ ಕಲ್ಲಿನ ಬಣ್ಣ ಅಂತ ಹೆಸರಿದ್ದ ಜೇಡಿಯೇ ಗ್ರೊಮಿಟ್‌ನ ಮೈಯಾಯಿತು.

ವಾಲೇಸ್‌ನ ಧ್ವನಿಗೆ ಅವರು ಪೀಟರ್ ಸ್ಯಾಲಿಸ್ ಅವರನ್ನು ಕೇಳಿದರು. ಸ್ಯಾಲಿಸ್ ಆಗಲೇ ಬ್ರಿಟನ್ನಿನ ಟಿವಿ ನೋಡುವವರಿಗೆಲ್ಲ ಗೊತ್ತಿದ್ದ ನಟ. ವಿದ್ಯಾರ್ಥಿ ಕೊಡಲು ಸಾಧ್ಯವಿದ್ದದ್ದು 50 ಪೌಂಡ್. ಅವರು ಒಪ್ಪುತ್ತಾರೆ ಅಂತ ಪಾರ್ಕ್ ಅಂದುಕೊಂಡಿರಲಿಲ್ಲ. ಒಪ್ಪಿದರು. ಪಾರ್ಕ್‌ಗೆ ತಮ್ಮೂರಿನ ಲ್ಯಾಂಕಶೈರ್ ಧಾಟಿ ಬೇಕಿತ್ತು. ಸ್ಯಾಲಿಸ್‌ಗೆ ಬರುತ್ತಿದ್ದದ್ದು ಪಕ್ಕದ ಯಾರ್ಕ್‌ಶೈರ್ ಧಾಟಿ. ಸರಿ, ಅದೇ ಇರಲಿ ಅಂತಾಯಿತು. ಆರು ವರ್ಷ ಆದಮೇಲೆ ಸಿನಿಮಾ ಮುಗಿಯಿತು ಅಂತ ಫೋನ್ ಬಂದಾಗ ಸ್ಯಾಲಿಸ್ ದಂಗಾದರು.

ಆ ಧ್ವನಿ ಬೊಂಬೆಯ ಮುಖವನ್ನೇ ಬದಲಿಸಿತು. ಅನಿಮೇಷನ್‌ನಲ್ಲಿ ಮೊದಲು ಮಾತು ಮುದ್ರಿಸಿಕೊಂಡು, ಆಮೇಲೆ ಅಕ್ಷರ ಅಕ್ಷರಕ್ಕೂ ಬಾಯಿ ಕೂರಿಸುತ್ತಾರೆ. ವೆನ್ಸ್‌ಲಿಡೇಲ್ ಅನ್ನುವ ಚೀಸಿನ ಹೆಸರನ್ನು ಸ್ಯಾಲಿಸ್ ಎಳೆದು ಎಳೆದು ಹೇಳುತ್ತಾರೆ. ಆ ಎಳೆತಕ್ಕೆ ಬಾಯಿ ಅಡ್ಡಡ್ಡ ಅಗಲವಾಗಬೇಕು, ಬಾಯಿ ಅಗಲವಾದರೆ ಕೆನ್ನೆ ಉಬ್ಬಬೇಕು. ಇವತ್ತು ಎಲ್ಲರೂ ಗುರುತಿಸುವ ವಾಲೇಸ್‌ನ ದೊಡ್ಡ ಕೆನ್ನೆ ಹುಟ್ಟಿದ್ದು ಹೀಗೆ. ಸಿನಿಮಾವನ್ನು ಗಮನವಿಟ್ಟು ನೋಡಿದರೆ ಅವನ ಮುಖ ಒಂದೇ ಸಮ ಇಲ್ಲದಿರುವುದು ಕಾಣುತ್ತದೆ. ಶುರುವಿನ ದೃಶ್ಯಗಳಲ್ಲಿ ಮುಖ ಇನ್ನೂ ಸಪೂರ. ಹೋಗುತ್ತಾ ಹೋಗುತ್ತಾ ಅಗಲವಾಗುತ್ತದೆ. ಬೆರಳಿನ ಗುರುತುಗಳೂ ಜೇಡಿಯ ಮೇಲೆ ಹಾಗೇ ಇವೆ. ಒಬ್ಬ ವಿದ್ಯಾರ್ಥಿ ಕಲಿಯುತ್ತಿರುವುದನ್ನು 23 ನಿಮಿಷದಲ್ಲಿ ಕಣ್ಣಾರೆ ನೋಡಬಹುದು. ನನಗೆ ಈ ಸಿನಿಮಾದ ಮೇಲೆ ಇರುವ ಪ್ರೀತಿಗೆ ಅರ್ಧ ಕಾರಣ ಇದೇ.

ಇನ್ನು ಗ್ರೊಮಿಟ್. ಮೊದಲು ಅವನಿಗೂ ಮಾತು ಕೊಡುವ ಯೋಚನೆ ಇತ್ತು. ಆದರೆ ಅವನನ್ನು ಅನಿಮೇಟ್ ಮಾಡಿದ ಮೊದಲ ಶಾಟ್‌ಗಳಲ್ಲೇ ಒಂದು ತೊಡಕು. ವಾಲೇಸ್ ರಾಕೆಟ್ಟಿಗೆ ಮರ ಕೊಯ್ಯುತ್ತಿದ್ದಾನೆ, ಮರಕ್ಕೆ ಆಸರೆಯಾಗಿ ಕೆಳಗೆ ನಿಂತಿರುವುದು ಗ್ರೊಮಿಟ್. ಬೊಂಬೆ ಅಲ್ಲಿ ಸಿಕ್ಕಿಹಾಕಿಕೊಂಡಿದೆ. ಮೈ ಅಲುಗಿಸಲು ಜಾಗ ಇಲ್ಲ. ಕೈಗೆ ಎಟುಕುವುದು ತಲೆ, ಕಿವಿ, ಕಣ್ಣು, ಹುಬ್ಬು ಮಾತ್ರ. ಪಾರ್ಕ್ ಹುಬ್ಬನ್ನು ಒಂದಿಷ್ಟು ಮೇಲೆ ಕೆಳಗೆ ಮಾಡಿದರು. ನಾಯಿಗೆ ಏನನ್ನಿಸುತ್ತಿದೆ ಅನ್ನುವುದು ಅಷ್ಟರಲ್ಲೇ ಪೂರ್ತಿ ಬಂದುಬಿಟ್ಟಿತು. ಬೇಸರ, ಸಹನೆ, ‘ಇವನ ಜೊತೆ ಹೇಗಪ್ಪಾ ಬಾಳೋದು’ ಅನ್ನುವ ಭಾವ, ಎಲ್ಲ. ಅಲ್ಲಿಂದ ಗ್ರೊಮಿಟ್‌ಗೆ ಬಾಯಿಯೇ ಬೇಡವಾಯಿತು.

ಇದನ್ನು ಕಲೆಯ ದೃಷ್ಟಿಯಿಂದ ಎಲ್ಲರೂ ಮೆಚ್ಚುತ್ತಾರೆ. ದುಡಿಮೆಯ ದೃಷ್ಟಿಯಿಂದಲೂ ನೋಡಬೇಕು. ಮಾತಾಡುವ ಬೊಂಬೆ ಬಹಳ ದುಬಾರಿ. ಪ್ರತಿ ಉಚ್ಚಾರಕ್ಕೆ ಬಾಯಿಯ ಆಕಾರ ಬದಲಿಸಬೇಕು, ಬಾಯಿಯ ಜೊತೆ ಕೆನ್ನೆ, ಕೆನ್ನೆಯ ಜೊತೆ ಕಣ್ಣು. ಇಬ್ಬರೇ ಇರುವ ಸಿನಿಮಾದಲ್ಲಿ ಒಬ್ಬ ಮೌನಿಯಾದ ಕೂಡಲೇ ಮಾತಿನ ಕೆಲಸ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಉಳಿದ ಶ್ರಮವೆಲ್ಲ ಹುಬ್ಬಿಗೆ, ಕಿವಿಗೆ ಹೋಯಿತು.

ಬ್ರಿಸ್ಟಲ್‌ನಿಂದ ಬಂದ ಕರೆ

ಇಷ್ಟಾದರೂ ಸಿನಿಮಾ ಮುಗಿಯುವ ಲಕ್ಷಣ ಇರಲಿಲ್ಲ. ಕೋರ್ಸಿನ ಕಾಲ ಕಳೆಯುತ್ತಿತ್ತು. ಆಗ ಬಂದದ್ದು ಆರ್ಡ್‌ಮನ್.

ಆರ್ಡ್‌ಮನ್ ಅನಿಮೇಷನ್ಸ್ ಬ್ರಿಸ್ಟಲ್‌ನ ಸ್ಟುಡಿಯೋ. ಪೀಟರ್ ಲಾರ್ಡ್ ಮತ್ತು ಡೇವಿಡ್ ಸ್ಪ್ರಾಕ್ಸ್‌ಟನ್ ಅನ್ನುವ ಇಬ್ಬರು ಶಾಲಾ ಗೆಳೆಯರು 1972ರಲ್ಲಿ ಶುರು ಮಾಡಿದ್ದು. ಬಿಬಿಸಿಯ ಮಕ್ಕಳ ಕಾರ್ಯಕ್ರಮಕ್ಕೆ ಮಾರ್ಫ್ ಅನ್ನುವ ಪುಟ್ಟ ಜೇಡಿ ಮನುಷ್ಯನನ್ನು ಮಾಡಿ ಹೆಸರು ಗಳಿಸಿದ್ದರು. ಬೀಕನ್ಸ್‌ಫೀಲ್ಡ್‌ಗೆ ಮಾತಾಡಲು ಬಂದಾಗ ಪಾರ್ಕ್ ಪರಿಚಯವಾಯಿತು. 1985ರಲ್ಲಿ ಅವರು ಪಾರ್ಕ್ ಅವರನ್ನು ಕೆಲಸಕ್ಕೆ ತೆಗೆದುಕೊಂಡರು.

ಏರ್ಪಾಡು ಹೀಗಿತ್ತು: ಸ್ಟುಡಿಯೋದ ಕೆಲಸ ಮಾಡು, ಜೊತೆಗೆ ನಿನ್ನ ಸಿನಿಮಾವನ್ನೂ ಇಲ್ಲಿಗೇ ತಂದು ಬಿಡುವಿದ್ದಾಗ ಮಾಡು. ಶಾಲೆಯೂ ಕೈ ಬಿಡಲಿಲ್ಲ. ಸಿನಿಮಾಕ್ಕೆ ಕೊಡುತ್ತಿದ್ದ ಹಣವನ್ನು ಮುಂದುವರಿಸಿತು. ಶಾಲೆಗೂ ಸ್ಟುಡಿಯೋಗೂ ನಡುವೆ ಒಂದು ಮುಗಿಯದ ವಿದ್ಯಾರ್ಥಿ ಸಿನಿಮಾ ಹೀಗೆ ಬದುಕಿಕೊಂಡಿತು.

ಈ ಪ್ರಕರಣದಲ್ಲಿ ಜನ ಕಡಿಮೆ ಮಾತಾಡುವ ಭಾಗ ಇದು. ನನಗೆ ಇದು ತುಂಬಾ ದೊಡ್ಡದು ಅನ್ನಿಸುತ್ತದೆ. ಓದು ಮುಗಿದ ಮೇಲೆ ಹೊಟ್ಟೆಪಾಡು ಶುರುವಾಗುತ್ತದೆ. ಕೆಲಸ ಸಿಕ್ಕಿದ ಕೂಡಲೇ ಅರ್ಧ ಮುಗಿದ ಸಿನಿಮಾ ಪೆಟ್ಟಿಗೆ ಸೇರುತ್ತದೆ. ಬೊಂಬೆಗಳು ಹುಡಿಯಾಗುತ್ತವೆ. ಎಷ್ಟೋ ಒಳ್ಳೆಯ ಸಿನಿಮಾಗಳು ಹೀಗೇ ಹೋಗಿವೆ, ಅವುಗಳ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಪಾರ್ಕ್‌ಗೆ ಸಂಬಳದ ಕೆಲಸವೂ ಸಿಕ್ಕಿತು, ಸಿನಿಮಾಕ್ಕೆ ಜಾಗವೂ ಸಿಕ್ಕಿತು. ಸುತ್ತ ಅದೇ ಕಸುಬು ಗೊತ್ತಿರುವ ಜನ ಇದ್ದರು. ಕಾಲೇಜಿನಲ್ಲಿ ಒಬ್ಬನೇ ಗುದ್ದಾಡುವುದಕ್ಕೂ ಇದಕ್ಕೂ ಅಜಗಜಾಂತರ.

ಸ್ಟುಡಿಯೋದ ಕೆಲಸದಿಂದ ಸಿನಿಮಾ ತಡವಾಯಿತು ಅನ್ನುವುದೂ ನಿಜ. 1986ರಲ್ಲಿ ಬಂದ ಪೀಟರ್ ಗೇಬ್ರಿಯಲ್ ಅವರ ‘ಸ್ಲೆಡ್ಜ್‌ಹ್ಯಾಮರ್’ ಮ್ಯೂಸಿಕ್ ವಿಡಿಯೋದಲ್ಲಿ ಕುಣಿಯುವ ಕೋಳಿಗಳನ್ನು ಅನಿಮೇಟ್ ಮಾಡಿದವರು ಪಾರ್ಕ್. ಆದರೆ ಅಂಥ ಕೆಲಸದಲ್ಲಿ ಕೊಟ್ಟ ದಿನಕ್ಕೆ ಮುಗಿಸಲೇಬೇಕು. ತನ್ನ ಸಿನಿಮಾಕ್ಕೆ ಇಲ್ಲದ ಗಡುವು ಬೇರೆಯವರ ಕೆಲಸಕ್ಕೆ ಇರುತ್ತದೆ. ಅದು ಕಲಿಸುವುದನ್ನು ಶಾಲೆ ಕಲಿಸಲಾರದು.

ಕತ್ತರಿ

ಬ್ರಿಸ್ಟಲ್‌ಗೆ ಬಂದಾಗ ಪಾರ್ಕ್ ಚಂದ್ರನ ಭಾಗವನ್ನು ಆಗಷ್ಟೇ ಶುರು ಮಾಡಿದ್ದರು. ಅನ್ಯಗ್ರಹ ಜೀವಿಗಳು, ಹೋಟೆಲು, ಜೈಲು ಎಲ್ಲ ಇನ್ನೂ ಮುಂದೆ ಕಾದಿದ್ದವು. ಆಗ ಒಬ್ಬರು ಅವರಿಗೆ ಹೇಳಿದರು: ಈ ದೃಶ್ಯ ಮಾಡುತ್ತಾ ಕೂತರೆ ನಿನಗೆ ಇನ್ನೂ ಒಂಬತ್ತು ವರ್ಷ ಬೇಕು. ಇದನ್ನು ಪಾರ್ಕ್ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಅವರು ಆ ಇಡೀ ಭಾಗವನ್ನು ತೆಗೆದುಹಾಕಿದರು. ಹೋಟೆಲು ಹೋಯಿತು, ಜೈಲು ಹೋಯಿತು, ಜೀವಿಗಳ ಗುಂಪು ಹೋಯಿತು. ಉಳಿದದ್ದು ಒಂದೇ ಪಾತ್ರ. ಪಾರ್ಕಿಂಗ್ ಚೀಟಿ ಹರಿಯುವ ಕಾವಲುಗಾರನಾಗಿ ಯೋಚಿಸಿದ್ದ, ಗ್ಯಾಸ್ ಒಲೆಯ ಹಾಗೆ ಕಾಣುವ ಒಂದು ಯಂತ್ರ. ನಾಣ್ಯ ಹಾಕಿದರೆ ಕೆಲಸ ಮಾಡುತ್ತದೆ. ಚಂದ್ರನ ಮೇಲಿನ ಕಥೆಯನ್ನೆಲ್ಲ ಇದೊಂದೇ ಹೊರಬೇಕು, ಸಿನಿಮಾ ಮುಗಿಯಲೂ ಬೇಕು.

ಆ ಒಲೆ ಏನೇನು ಮಾಡುತ್ತದೆ ನೋಡಿ. ವಾಲೇಸ್ ಚಂದ್ರನ ಮೇಲೆ ಅದನ್ನು ಕಂಡು ನಾಣ್ಯ ಹಾಕುತ್ತಾನೆ. ಏನೂ ಆಗುವುದಿಲ್ಲ. ಅವರು ಅತ್ತ ಹೋದಮೇಲೆ ಅದಕ್ಕೆ ಜೀವ ಬರುತ್ತದೆ, ಕೈ ಹೊರಬರುತ್ತದೆ. ಇವರು ಪಿಕ್ನಿಕ್ ಮಾಡಿ ಬಿಟ್ಟ ತಟ್ಟೆಗಳನ್ನು ಎತ್ತಿಡುತ್ತದೆ. ಚೀಸ್ ಕೊಯ್ದು ಕಿತ್ತುಹೋದ ನೆಲವನ್ನು ಅಂಟಿಸುತ್ತದೆ. ಎಣ್ಣೆ ಸೋರುತ್ತಿರುವ ರಾಕೆಟ್ಟಿಗೆ ಚೀಟಿ ಅಂಟಿಸುತ್ತದೆ. ಈ ಇಬ್ಬರ ಮೇಲೆ ಅದಕ್ಕೆ ಸಿಟ್ಟು. ವಾಲೇಸ್‌ನ ತಲೆಗೆ ಹೊಡೆಯಲು ದೊಣ್ಣೆ ಎತ್ತಿದ ಹೊತ್ತಿಗೆ ಸರಿಯಾಗಿ ನಾಣ್ಯದ ಅವಧಿ ಮುಗಿದು ಅಲ್ಲೇ ನಿಂತುಬಿಡುತ್ತದೆ. ಇದರ ನಡುವೆ ಇವರ ಸಾಮಾನಿನಲ್ಲಿದ್ದ ಒಂದು ಪತ್ರಿಕೆಯಲ್ಲಿ ಅದು ಸ್ಕೀಯಿಂಗ್ ಚಿತ್ರ ಕಂಡಿದೆ. ಹಿಮದ ಮೇಲೆ ಜಾರುವ ಕನಸು ಕಂಡಿದೆ.

ಕೊನೆಗೆ ವಾಲೇಸ್ ಇನ್ನೊಂದು ನಾಣ್ಯ ಹಾಕಿದ್ದರಿಂದ ಅದು ಮತ್ತೆ ಎಚ್ಚರಾದಾಗ, ಇವರ ಜೊತೆ ಭೂಮಿಗೆ ಹೋದರೆ ಸ್ಕೀ ಮಾಡಬಹುದು ಅಂತ ಅದಕ್ಕೆ ಹೊಳೆಯುತ್ತದೆ. ಹಿಂದೆ ಓಡುತ್ತದೆ. ತನ್ನನ್ನು ಹಿಡಿಯಲು ಬರುತ್ತಿದೆ ಅಂತ ವಾಲೇಸ್ ಹೆದರಿ ರಾಕೆಟ್ಟಿಗೆ ನುಗ್ಗುತ್ತಾನೆ. ಒಲೆಗೆ ಏಣಿ ಹತ್ತಲು ಬರುವುದಿಲ್ಲ. ಡಬ್ಬಿ ಓಪನರ್ ತೆಗೆದು ರಾಕೆಟ್ಟಿನ ಹೊಟ್ಟೆ ಕೊಯ್ದು ಒಳಗೆ ಹೋಗುತ್ತದೆ. ಕತ್ತಲು ಅಂತ ಬೆಂಕಿಕಡ್ಡಿ ಗೀರುತ್ತದೆ. ಸ್ಫೋಟ. ರಾಕೆಟ್ ಮೇಲಕ್ಕೆ, ಒಲೆ ನೆಲಕ್ಕೆ. ಅದರ ಕೈಯಲ್ಲಿ ರಾಕೆಟ್ಟಿನಿಂದ ಕಿತ್ತು ಬಂದ ಎರಡು ತಗಡಿನ ಪಟ್ಟಿ. ಅದನ್ನೇ ಬಗ್ಗಿಸಿ ಸ್ಕೀ ಮಾಡಿಕೊಂಡು ಚಂದ್ರನ ಗುಡ್ಡಗಳ ಮೇಲೆ ಜಾರುತ್ತಾ ಇವರಿಗೆ ಕೈ ಬೀಸುತ್ತದೆ.

ಕಥೆ ಕಟ್ಟುವವರು ಇದನ್ನು ಬಿಡಿಸಿ ನೋಡಬೇಕು. ಕೈಬಿಟ್ಟ ಭಾಗದ ಕೆಲಸವೆಲ್ಲ ಈ ಒಂದೇ ಯಂತ್ರದೊಳಗೆ ಬಂದಿದೆ. ಜೈಲಿನ ಭಯ ಈಗ ದೊಣ್ಣೆಯಲ್ಲಿದೆ. ಅನ್ಯಗ್ರಹ ಜೀವಿಯ ಸೋಜಿಗ ಅದರ ರೂಪದಲ್ಲೇ ಇದೆ. ಹೋಟೆಲಿನ ಹಾಸ್ಯಕ್ಕೆ ಬದಲು ಅದು ತಟ್ಟೆ ಎತ್ತಿಡುವ ಶಿಸ್ತು ಇದೆ. ರಾಕೆಟ್ ಮರಳಿ ಹಾರಲು ಬೇಕಾದ ಕಿಡಿಯನ್ನೂ ಅದೇ ಹೊತ್ತಿಸುತ್ತದೆ. ಮೊದಲ ಕಥೆಯಲ್ಲಿ ಯಾರಿಗೂ ಇರದಿದ್ದ ಒಂದು ಸಂಗತಿ ಇದಕ್ಕೆ ಸಿಕ್ಕಿತು: ಆಸೆ. ವಾಲೇಸ್‌ಗೆ ಚೀಸ್ ಬೇಕು, ಅದು ತಮಾಷೆ. ಒಲೆಗೆ ಸ್ಕೀ ಮಾಡಬೇಕು, ಅದನ್ನು ನೋಡಿದರೆ ಗಂಟಲು ಕಟ್ಟುತ್ತದೆ. ಹತ್ತಾರು ಜೀವಿಗಳು ಗಿಜಿಗುಡುವ ಚಂದ್ರನಲ್ಲಿ ಈ ಒಂಟಿ ಒಲೆಯ ಆಸೆಗೆ ಜಾಗ ಇರುತ್ತಿರಲಿಲ್ಲ. ಅದು ಮುಟ್ಟುವುದೇ ಅಲ್ಲಿ ಬೇರೆ ಯಾರೂ ಇಲ್ಲದ್ದರಿಂದ.

ಕೆಲಸದ ಲೆಕ್ಕದಲ್ಲೂ ಇದು ಜಾಣ ಆಯ್ಕೆ. ಒಲೆಗೆ ಮುಖ ಇಲ್ಲ, ಬಾಯಿ ಇಲ್ಲ, ಮಾತಿಲ್ಲ. ನಡಿಗೆಯೂ ಇಲ್ಲ, ಚಕ್ರದ ಮೇಲೆ ಜಾರಿಕೊಂಡು ಬರುತ್ತದೆ. ಕೈ ಎರಡನ್ನು ಅನಿಮೇಟ್ ಮಾಡಿದರೆ ಮುಕ್ಕಾಲು ಪಾಲು ಅಭಿನಯ ಸಿಕ್ಕಿತು. ನಾಣ್ಯದ ಅವಧಿ ಮುಗಿದಾಗ ನಿಂತೇಬಿಡುತ್ತದೆ. ಆ ನಿಲುಗಡೆಯೇ ಕಥೆಯ ತಿರುವು. ಚಂದ್ರನ ಸೆಟ್ಟು ಅಂದರೆ ಚೀಸಿನ ಬಣ್ಣದ ಗುಡ್ಡ, ಹಿಂದೆ ಕಪ್ಪು ಆಕಾಶ. ಗೋಡೆ, ಮೇಜು, ಬೀದಿ ಏನೂ ಬೇಡ. ಗ್ರೊಮಿಟ್ ಮೊದಲೇ ಮೌನಿ. ಹೀಗಾಗಿ ಸಿನಿಮಾದ ಎರಡನೇ ಅರ್ಧದಲ್ಲಿ ಮಾತಾಡುವವನು ವಾಲೇಸ್ ಒಬ್ಬನೇ, ಅದೂ ಅಲ್ಲಲ್ಲಿ. ಉಳಿದದ್ದನ್ನು ಜೂಲಿಯನ್ ನಾಟ್ ಅವರ ಸಂಗೀತ ಹೊತ್ತುಕೊಂಡಿದೆ. ಅವರೂ ಅದೇ ಫಿಲ್ಮ್ ಸ್ಕೂಲಿನ ವಿದ್ಯಾರ್ಥಿ.

ಅಂತೂ 40 ನಿಮಿಷ 23ಕ್ಕೆ ಇಳಿಯಿತು. ಭಂಗಿಗಳ ಲೆಕ್ಕದಲ್ಲಿ 28,800ರಿಂದ 16,560ಕ್ಕೆ.

ಆಮೇಲೆ ಆದದ್ದು

1989ರಲ್ಲಿ ಪಾರ್ಕ್ ಅವರ ಎರಡು ಸಿನಿಮಾ ಒಟ್ಟಿಗೆ ಹೊರಬಂದವು. ಒಂದು ಇದು. ಇನ್ನೊಂದು ‘ಕ್ರಿಯೇಚರ್ ಕಂಫರ್ಟ್ಸ್’, ಚಾನೆಲ್ 4 ಮಾಡಿಸಿದ ಸರಣಿಯ ಒಂದು ಕಂತು. ಸಾಮಾನ್ಯ ಜನರನ್ನು ಮಾತಾಡಿಸಿ, ಆ ಧ್ವನಿಗಳನ್ನು ಮೃಗಾಲಯದ ಪ್ರಾಣಿಗಳ ಬಾಯಲ್ಲಿ ಇಟ್ಟದ್ದು. ಐದು ನಿಮಿಷದ್ದು ಅಷ್ಟೇ. 1991ರ ಆಸ್ಕರ್‌ನಲ್ಲಿ ಅನಿಮೇಷನ್ ಕಿರುಚಿತ್ರಕ್ಕೆ ಮೂರು ಸಿನಿಮಾಗಳು ಕಣದಲ್ಲಿದ್ದವು. ಅದರಲ್ಲಿ ಎರಡು ಪಾರ್ಕ್ ಅವರದ್ದೇ. ಗೆದ್ದದ್ದು ಐದು ನಿಮಿಷದ ಸಿನಿಮಾ. ‘ಎ ಗ್ರ್ಯಾಂಡ್ ಡೇ ಔಟ್’ಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. 1990ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಹಿಂದಿನ ದಿನ, ಚಾನೆಲ್ 4ರಲ್ಲಿ ಪ್ರಸಾರವಾಗಿ ಜನರ ಮನೆ ಸೇರಿತು.

ಆ ಐದು ನಿಮಿಷದ ಸಿನಿಮಾವನ್ನು ಮಾಡಲು ಬೇಕಾದ ಕೈ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಮತ್ತೆ ಈ ಏಳು ವರ್ಷದ ಸಿನಿಮಾವೇ. ಅಗಲ ಬಾಯಿ, ಜೇಡಿಯ ಹಲ್ಲು, ಮಾತಿನ ನಡುವಿನ ಸಣ್ಣ ತಡವರಿಕೆ, ಇವನ್ನೆಲ್ಲ ಪಾರ್ಕ್ ವಾಲೇಸ್‌ನ ಮೇಲೆ ಕಲಿತಿದ್ದರು.

ಎಲ್ಲರಿಗೂ ಆರ್ಡ್‌ಮನ್ ಸಿಗುವುದಿಲ್ಲ

ಈ ಪ್ರಕರಣವನ್ನು ವಿದ್ಯಾರ್ಥಿಗಳ ಮುಂದೆ ಮಾದರಿಯಾಗಿ ಇಡಬಾರದು. ಏಳು ವರ್ಷ ಕಾಯುವ ಶಾಲೆ, ಅರ್ಧ ಸಿನಿಮಾದ ಜೊತೆಗೇ ಮನುಷ್ಯನನ್ನು ಕರೆದುಕೊಳ್ಳುವ ಸ್ಟುಡಿಯೋ, ಎರಡೂ ಅಪರೂಪ. ಇಂದಿನ ಶಾಲೆಗಳು ಬೇರೆ ದಾರಿ ಹಿಡಿದಿವೆ. ಪ್ಯಾರಿಸ್‌ನ ಗೊಬ್ಲಾಂ ಶಾಲೆಯ ವಿದ್ಯಾರ್ಥಿಗಳು 2007ರಲ್ಲಿ ಮಾಡಿದ ‘ಆಕ್ಟಪೋಡಿ’ ಎರಡೂವರೆ ನಿಮಿಷದ್ದು. ಮಾಡಿದವರು ಆರು ಜನ. ಎರಡು ಆಕ್ಟೋಪಸ್‌ಗಳ ಪ್ರೇಮ, ಒಂದು ಊರಿನ ಇಳಿಜಾರು ಬೀದಿಗಳಲ್ಲಿ ಓಟ, ಅಷ್ಟೇ. ಅದೂ ಆಸ್ಕರ್ ಪಟ್ಟಿಗೆ ಹೋಯಿತು. ಆಸ್ಟ್ರೇಲಿಯಾದ ಲಾಕ್ಲನ್ ಪೆಂಡ್ರಾಗನ್ ವಿದ್ಯಾರ್ಥಿಯಾಗಿದ್ದಾಗ ಹೆಚ್ಚುಕಡಿಮೆ ಒಬ್ಬರೇ ಕೂತು 11 ನಿಮಿಷದ ಸ್ಟಾಪ್ ಮೋಷನ್ ಸಿನಿಮಾ ಮಾಡಿದರು. ಅದು 2023ರ ಆಸ್ಕರ್‌ಗೆ ನಾಮನಿರ್ದೇಶನ ಪಡೆಯಿತು. ಈಗ ಡಿಜಿಟಲ್ ಕ್ಯಾಮೆರಾ ಇದೆ, ತೆಗೆದ ಫ್ರೇಮನ್ನು ಕೂಡಲೇ ನೋಡಬಹುದು. ಆದರೂ 11 ನಿಮಿಷವೇ ಒಬ್ಬರಿಗೆ ದೊಡ್ಡ ಹೊರೆ.

ಬೆಂಗಳೂರಿನಲ್ಲೂ ಅನಿಮೇಷನ್ ಕಲಿಸುವ ಕಾಲೇಜುಗಳಿವೆ. ಅಲ್ಲಿ ಕಲಿಯುವ ಹುಡುಗ ಹುಡುಗಿಯರು ಕೊನೆಯ ಸಿನಿಮಾಕ್ಕೆ ಕಥೆ ಬರೆಯಲು ಕೂತಾಗ ಅವರಿಗೆ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. ಕಥೆಯಲ್ಲಿ ಎಷ್ಟು ಬಾಯಿ ಮಾತಾಡುತ್ತವೆ, ಎಷ್ಟು ಜಾಗ ಬದಲಾಗುತ್ತದೆ, ಒಂದು ಶಾಟ್‌ನಲ್ಲಿ ಗರಿಷ್ಠ ಎಷ್ಟು ಪಾತ್ರ ಇವೆ, ಈ ಮೂರನ್ನು ಮೊದಲೇ ಎಣಿಸಿ. ಕಲಿಸುವವರು ಸುಮ್ನೆ ‘ಉದ್ದ ಆಯ್ತು, ಕಡಿಮೆ ಮಾಡು’ ಅಂತ ಹೇಳಿದರೆ ಅದರಿಂದ ಉಪಯೋಗ ಇಲ್ಲ. ಹಾಗೆ ಹೇಳಿದಾಗ ವಿದ್ಯಾರ್ಥಿ ಎಲ್ಲ ದೃಶ್ಯದಿಂದಲೂ ಒಂದೊಂದು ಚೂರು ಕೊಯ್ಯುತ್ತಾನೆ. ಕಥೆ ಬಡವಾಗುತ್ತದೆ, ಕೆಲಸ ಮಾತ್ರ ಹಾಗೇ ಉಳಿಯುತ್ತದೆ. ಪಾರ್ಕ್ ಹಾಗೆ ಮಾಡಲಿಲ್ಲ. ಗುಂಪನ್ನೇ ತೆಗೆದು ಒಂದು ಪಾತ್ರ ಉಳಿಸಿದರು. ಹೋದವರ ಕೆಲಸವನ್ನೆಲ್ಲ ಅದಕ್ಕೆ ಕೊಟ್ಟರು. ಯಾವ ಪಾತ್ರ ಉಳಿಯಬೇಕು ಅಂತ ಆರಿಸಲು ವಿದ್ಯಾರ್ಥಿಯ ಪಕ್ಕ ಕೂತು ನೆರವಾಗುವುದು ಕಲಿಸುವವರ ಕೆಲಸ.

ಪಾರ್ಕ್ ಅವರ ಮುಂದಿನ ವಾಲೇಸ್ ಮತ್ತು ಗ್ರೊಮಿಟ್ ಸಿನಿಮಾ ‘ದ ರಾಂಗ್ ಟ್ರೌಸರ್ಸ್’ 1993ರಲ್ಲಿ ಬಂತು. ಇದು ಅರ್ಧ ಗಂಟೆಯದ್ದು, ಮೊದಲಿನದಕ್ಕಿಂತ ಉದ್ದ. ಈ ಸಲ ಕಥೆ ಬರೆಯಲು ಬಾಬ್ ಬೇಕರ್ ಜೊತೆಗಿದ್ದರು, ಅನಿಮೇಟ್ ಮಾಡಲು ಸ್ಟೀವ್ ಬಾಕ್ಸ್ ಇದ್ದರು, ಹಿಂದೆ ಸ್ಟುಡಿಯೋದ ತಂಡ ಇತ್ತು. ಆ ಸಿನಿಮಾಕ್ಕೆ ಆಸ್ಕರ್ ಬಂತು. ಅದರ ಖಳನಾಯಕ ಒಂದು ಪೆಂಗ್ವಿನ್. ಮಾತಿಲ್ಲ. ಬಾಯಿ ತೆರೆಯುವುದಿಲ್ಲ. ಗ್ರೊಮಿಟ್‌ಗೆ ಇರುವ ಹುಬ್ಬು ಕೂಡ ಅದಕ್ಕಿಲ್ಲ. ಕರಿಮಣಿಯಂಥ ಎರಡು ಕಣ್ಣು ಮಾತ್ರ. ಚಂದ್ರನ ಮೇಲಿನ ಒಲೆಯನ್ನು ಮಾಡಿದವರಿಗೆ ಅಷ್ಟು ಸಾಕು ಅನ್ನುವುದು ಆ ಹೊತ್ತಿಗೆ ಚೆನ್ನಾಗಿ ಗೊತ್ತಿತ್ತು. 2024ರಲ್ಲಿ ಬಂದ ‘ವೆಂಜನ್ಸ್ ಮೋಸ್ಟ್ ಫೌಲ್’ನಲ್ಲಿ ಅದೇ ಪೆಂಗ್ವಿನ್ ಮತ್ತೆ ಬಂದಾಗಲೂ ಅದಕ್ಕೆ ಹುಬ್ಬು ಕೊಟ್ಟಿಲ್ಲ.